ಚಿಮಣಿಯ ಒಳಗಿನ ಏಳು ಹೆಸರು

ಕರ್ರ್...

ಸಣ್ಣ ಸದ್ದು. ಇಲಿ ಗೋಡೆ ಕೆರೆದಂತೆ.

ರಾತ್ರಿ ಎರಡು ಗಂಟೆ. ಮುಚ್ಚಿದ ಮಿಲ್ಲಿನ ಚಿಮಣಿ. ಬುಡದಲ್ಲಿ ಮಸಿ ತೆಗೆಯುವ ಪುಟ್ಟ ಕಬ್ಬಿಣದ ಬಾಗಿಲು. ಅದರಲ್ಲಿ ನಾನು ಅರ್ಧ ಒಳಗೆ, ಅರ್ಧ ಹೊರಗೆ. ಸೊಂಟ ಸಿಕ್ಕಿಕೊಂಡಿತ್ತು. ಇಂಥ ಭಂಗಿಯಲ್ಲಿ ಯಾರ ಕೈಗಾದರೂ ಬಿದ್ದರೆ ನನ್ನ ಇತಿಹಾಸದ ಪದವಿ ಕೆಲಸಕ್ಕೆ ಬರುವುದಿಲ್ಲ.

ಕರ್ರ್... ಕರ್ರ್...

ಇಲಿಗಳು ಇಷ್ಟು ತಾಳಬದ್ಧವಾಗಿ ಕೆರೆಯುವುದಿಲ್ಲ. ಒಳಗೆ ಮನುಷ್ಯ ಇದ್ದ.

ನನ್ನ ಕಸುಬು ಮೊದಲು ಹೇಳಿಬಿಡುತ್ತೇನೆ. ಕಾಗದದ ಮೇಲೆ ಒಂದು, ನೆಲದ ಮೇಲೆ ಇನ್ನೊಂದು ಇದ್ದಾಗ ಜನ ನನ್ನನ್ನು ಕರೆಯುತ್ತಾರೆ. ನಡುವಿನ ಬಿರುಕು ಹುಡುಕಿಕೊಡುತ್ತೇನೆ. ಬಿಲ್ಡರುಗಳು ಕರೆಯುತ್ತಾರೆ. ಅವರ ಹೆಂಡತಿಯರೂ ಕರೆಯುತ್ತಾರೆ.

ಈ ಸಲ ಕರೆದವನು ಬಿಲ್ಡರ್ ಕಂಪನಿಯ ಡೈರೆಕ್ಟರ್. ಮಿಲ್ಲಿನ ಜಾಗದಲ್ಲಿ ಒಂಬತ್ತು ಟವರ್ ಏಳಬೇಕಿತ್ತು. ಎಂಟಕ್ಕೆ ಯಾರ ತಕರಾರೂ ಇಲ್ಲ. ಒಂಬತ್ತನೆಯದರ ಜಾಗದಲ್ಲಿ ಚಿಮಣಿ ನಿಂತಿತ್ತು. ಚಿಮಣಿಯ ಪಕ್ಕದಲ್ಲಿ ‘ಚಿಮಣಿ ಉಳಿಸಿ ಸಮಿತಿ’ ನಿಂತಿತ್ತು.

ಸಮಿತಿಯ ಅಧ್ಯಕ್ಷರು ಒಬ್ಬ ಪ್ರೊಫೆಸರು. ಚಿಮಣಿಯನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡಿದ್ದರು. ಅಂಗಿಗೆ ಮಸಿ ಹತ್ತಿತೆಂದು ಎರಡನೇ ಫೋಟೋಗೆ ಬೇರೆ ಅಂಗಿ. ಅವರ ಕರಪತ್ರದಲ್ಲಿ ಇಟ್ಟಿಗೆಯ ಬಗ್ಗೆ ಹನ್ನೆರಡು ಪುಟ. ಚಿಮಣಿಯ ಪಕ್ಕದ ಕಾರ್ಮಿಕರ ಲೈನ್ ಮನೆಗಳ ಬಗ್ಗೆ ಒಂದೇ ಸಾಲು... ಅವು ಫೋಟೋಗೆ ಅಡ್ಡ ಬರುತ್ತವೆ, ಎಂದು.

ಆದರೆ ಕಾನೂನು ಒಂದಿತ್ತು. ಕಟ್ಟಡಕ್ಕೆ ನೂರು ವರ್ಷ ದಾಟಿದ್ದರೆ ಅದನ್ನು ಮುಟ್ಟುವಂತಿಲ್ಲ. ಅದರ ಸುತ್ತ ನಲವತ್ತು ಮೀಟರಿನಲ್ಲಿ ಏನನ್ನೂ ಕೆಡವುವಂತಿಲ್ಲ. ಚಿಮಣಿಯ ಬುಡದ ಕಲ್ಲಿನ ಪ್ರಕಾರ ಅದಕ್ಕೆ ನೂರೆಂಟು ವರ್ಷ. ಬೆಳಗ್ಗೆ ಹತ್ತಕ್ಕೆ ಅಧಿಕಾರಿಗಳು ಬಂದು ನೋಡಿ ಸಹಿ ಹಾಕಬೇಕು, ಅಷ್ಟೇ.

“ಹಳೇ ಚಿಮಣಿ ಯಾವಾಗಲೋ ಬಿದ್ದುಹೋಗಿದೆ ಅಂತ ಒಬ್ಬ ರಿಟೈರ್ಡ್ ಕ್ಲರ್ಕ್ ಬಾಯಿಬಿಟ್ಟಿದ್ದಾನೆ,” ಎಂದಿದ್ದ ಡೈರೆಕ್ಟರ್. “ಕಟ್ಟಿದವರು ಒಳಗೆ ಇಸವಿ ಬರೆದಿದ್ದಾರಂತೆ. ಫೋಟೋ ತನ್ನಿ. ಟವರ್ ಒಂಬತ್ತರಲ್ಲಿ ಒಂದು ಫ್ಲಾಟ್ ನಿಮಗೆ.”

ನಾನು ಟೇಪು ಹಿಡಿದು ನಲವತ್ತು ಮೀಟರ್ ಅಳೆದೆ. ಹದಿನೇಳು ಮನೆ ಪೂರ್ತಿ ಒಳಗೆ. ಹದಿನೆಂಟನೆಯದು ನನ್ನ ಅಕ್ಕನದು. ಗೆರೆ ಅವಳ ಮನೆಯ ನಡುವೆಯೇ ಹಾದುಹೋಯಿತು. ಅಡುಗೆಮನೆ ಪರಂಪರೆ. ಬಚ್ಚಲುಮನೆ ಟವರ್ ಒಂಬತ್ತು.

ಆಗಲೇ ಕೆಲಸ ಬಿಡಬಹುದಿತ್ತು. ಬಿಟ್ಟರೆ ಇನ್ನೊಬ್ಬರು ಬರುತ್ತಾರೆ, ಗುಟ್ಟು ನನ್ನ ಕೈಯಲ್ಲೇ ಇರಲಿ ಅಂದುಕೊಂಡೆ. ನನ್ನ ಕಸುಬಿನವರೆಲ್ಲ ಹೀಗೇ ಅಂದುಕೊಳ್ಳುತ್ತಾರೆ.

ಸದ್ದು ನಿಂತಿತು. ಕತ್ತಲಲ್ಲಿ ನನ್ನ ಮೂಗಿನ ತುದಿಗೆ ತಣ್ಣಗೆ ಏನೋ ತಾಗಿತು. ಉಳಿ.

“ಯಾರದು?” ಮುದಿ ದನಿ.

“ಸಿಕ್ಕಾಕೊಂಡಿರೋಳು. ಸ್ವಲ್ಪ ಎಳೀರಿ.”

“ಎಳೆದ್ರೆ ಒಳಗೆ ಬರ್ತೀಯ. ನೂಕಿದ್ರೆ ಹೊರಗೆ ಹೋಗ್ತೀಯ. ನನಗೆ ನೂಕೋದೇ ವಾಸಿ ಅನ್ಸುತ್ತೆ.”

“ಹದಿನೆಂಟನೇ ಮನೆ ಟೈಲರಮ್ಮನ ತಂಗಿ ನಾನು.”

“ಓ... ಅದ್ಯಾವುದೋ ಆಫೀಸಲ್ಲಿ ಇರೋಳಾ? ಏನು ಕೆಲಸ ಅಂತ ಅವಳು ಹೇಳಲ್ಲ.”

“ಅವಳಿಗೆ ಗೊತ್ತಿಲ್ಲ.”

ಎಳೆದ. ಒಳಗೆ ಹೋಗಿ ಬಿದ್ದೆ. ಟಾರ್ಚ್ ಹಾಕಿದೆ.

ಲೈನಿನ ಮೇಸ್ತ್ರಿ ತಾತ. ಎಪ್ಪತ್ತೈದು ದಾಟಿದವನು, ಗಡ್ಡದ ತುಂಬ ಪುಡಿ. ಅವನ ಎದುರು ಗೋಡೆಯ ಮೇಲೆ ಎದೆಯೆತ್ತರಕ್ಕೆ ಒಂದು ಗಾರೆಯ ಪಟ್ಟಿ. ಹಸಿಯಾಗಿದ್ದಾಗ ಮೊಳೆಯಲ್ಲಿ ಗೀರಿದ ಏಳು ಸಾಲು, ಏಳು ಹೆಸರು. ಮೇಲಿನ ಐದನ್ನು ತಾತ ಕೆರೆದು ಹಾಕಿದ್ದ. ಉಳಿದದ್ದು ಎರಡು ಹೆಸರು. ಅವುಗಳ ಕೆಳಗೆ ಇಸವಿ.

ನಲವತ್ತಾರು ವರ್ಷದ ಹಿಂದಿನದು.

ಉಗುರಿನಿಂದ ಕೆರೆದು ನೋಡಿದೆ. ಹಳೆಯ ಸುಣ್ಣದ ಗಾರೆಯಾದರೆ ಪುಡಿಯಾಗಬೇಕು. ಇದು ನನ್ನ ಉಗುರನ್ನೇ ಮುರಿಯಿತು. ಸಿಮೆಂಟು. ಫೋನ್ ಎತ್ತಿ ಫೋಟೋ ತೆಗೆದೆ. ಯೋಚಿಸಲಿಲ್ಲ. ಕೈ ಅಭ್ಯಾಸದಿಂದ ತೆಗೆಯಿತು.

ತಾತ ನನ್ನನ್ನೇ ನೋಡಿದ. “ಅಂಥ ಕೆಲಸಾನಾ ನಿಂದು.”

“ಇಸವೀನ ಮೊದಲು ಕೆರೀಬೇಕಿತ್ತಲ್ಲ ತಾತ. ಹೆಸರಿಂದ ಏನಾಗುತ್ತೆ?”

“ಮೇಲಿಂದ ಕೆಳಗೆ ಬರೋದು. ಕೆಲಸಕ್ಕೊಂದು ಪದ್ಧತಿ ಬೇಡ್ವಾ?”

“ಹಳೇ ಚಿಮಣಿ ಏನಾಯ್ತು?”

“ಬಿತ್ತು. ಸುದ್ದಿ ಹೊರಗೆ ಹೋದ್ರೆ ಮಿಲ್ಲು ಮುಚ್ಚಿಸ್ತಾರೆ ಅಂತ ಮ್ಯಾನೇಜರ್ ಗೇಟು ಹಾಕಿಸಿದ. ಕಾಗದದಲ್ಲಿ ‘ರಿಪೇರಿ’ ಅಂತ ಬರೆದ. ಅದೇ ಇಟ್ಟಿಗೆ, ಅದೇ ಕಲ್ಲು. ಸುಣ್ಣ ಆರೋಕೆ ಟೈಮಿಲ್ಲ ಅಂತ ಒಳಗೆಲ್ಲ ಸಿಮೆಂಟು, ಹೊರಗೆ ತೋರ್ಸೋಕೆ ಸುಣ್ಣ. ಏಳು ಜನ, ಐವತ್ತು ದಿನ.” ಉಳಿಯ ತುದಿಯಿಂದ ಏಳನೇ ಹೆಸರನ್ನು ಮುಟ್ಟಿದ. “ಇವನು ನನ್ನ ಭಾವಮೈದ. ನಲವತ್ತನೇ ದಿನ ಮೇಲಿಂದ ಬಿದ್ದ.”

“ಕೇಸ್ ಆಗ್ಲಿಲ್ವಾ?”

“ಕಾಗದದಲ್ಲಿ ಚಿಮಣಿ ಬಿದ್ದೇ ಇಲ್ಲ, ಕಟ್ಟಿಯೇ ಇಲ್ಲ. ಕಟ್ಟದೇ ಇರೋ ಚಿಮಣಿಯಿಂದ ಮನುಷ್ಯ ಹೇಗಮ್ಮ ಬೀಳ್ತಾನೆ?”



ಹೊರಗೆ ಬೂಟಿನ ಸದ್ದು. ಬಾಗಿಲಿನ ತೂತಿನಲ್ಲಿ ಬೆಳಕು.

“ಮೇಡಂ... ಸಿಕ್ತಾ?”

ಛತ್ರಿ. ಡೈರೆಕ್ಟರಿಗೆ ಬಿಸಿಲಲ್ಲಿ ಛತ್ರಿ ಹಿಡಿಯುವುದು ಅವನ ಹಗಲಿನ ಕೆಲಸ, ಹೆಸರೂ ಅದೇ ಆಗಿತ್ತು. ರಾತ್ರಿಯ ಕೆಲಸಕ್ಕೆ ಕಬ್ಬಿಣದ ರಾಡು ಹಿಡಿಯುತ್ತಿದ್ದ. ನನ್ನ ಮೇಲೆ ಡೈರೆಕ್ಟರಿಗೆ ಎಷ್ಟು ನಂಬಿಕೆ ಇತ್ತೆಂದು ಈಗ ಗೊತ್ತಾಯಿತು.

“ಸಾರ್ ಲೈನಲ್ಲಿದಾರೆ,” ಎಂದು ಫೋನ್ ಇದ್ದ ಕೈಯನ್ನು ಒಳಗೆ ಚಾಚಿದ.

“ಏನಿದೆ ಒಳಗೆ?” ಡೈರೆಕ್ಟರ್ ದನಿ, ನಿದ್ದೆಗಣ್ಣಿನದು.

ನನ್ನ ಕೈಯಲ್ಲಿ ಫೋಟೋ ಇತ್ತು. ಒಂದು ಮಾತು ಹೇಳಿದರೆ ಫ್ಲಾಟು. ತಾತ ಉಸಿರಾಡಲಿಲ್ಲ.

“ಮಸಿ,” ಎಂದೆ.

“ಇಸವಿ?”

“ಬರೀ ಮಸಿ ಸಾರ್.”

ತಾತನಿಗೆ ಆಗಲೇ ಕೆಮ್ಮು ಬರಬೇಕೆ.

“ಛತ್ರಿ,” ಎಂದಿತು ಫೋನು, ಮೆತ್ತಗೆ. “ಒಳಗೆ ಇನ್ಯಾರೋ ಇದಾರೆ. ಅವಳ ಫೋನ್ ತಗೋ. ಆಮೇಲೆ ಬಾಗಿಲು ಹಾಕಿ ಬೀಗ ಜಡಿ.”

ಛತ್ರಿ ತಲೆ ಹಾಕಿದ. ಹೆಗಲು ಹಾಕಿದ. ಅವನಿಗೂ ಸೊಂಟ ಸಿಕ್ಕಿಕೊಂಡಿತು. ರಾಡು ಬೀಸಿದ... ನನ್ನ ಮೊಣಕಾಲಿಗೆ ಒಂದಂಗುಲದಲ್ಲಿ ತಪ್ಪಿತು.

ತಾತ ಗಾಬರಿಯಾಗಲಿಲ್ಲ. ಸುತ್ತಿಗೆ ಎತ್ತಿ ತಲೆಯ ಮೇಲಿದ್ದ ಕಬ್ಬಿಣದ ತಗಡಿಗೆ ಒಂದೇ ಏಟು ಹಾಕಿದ. ವರ್ಷಗಟ್ಟಲೆ ಕೂತಿದ್ದ ಮಸಿಯೆಲ್ಲ ಛತ್ರಿಯ ನೆತ್ತಿಗೆ ಇಳಿಯಿತು.

“ನಡಿ,” ಎಂದ ತಾತ.

ಹೊಗೆ ಬರುತ್ತಿದ್ದ ಸುರಂಗ ನೆಲದಡಿಯಲ್ಲಿ ಬಾಯ್ಲರ್ ಕೋಣೆಗೆ ಹೋಗುತ್ತಿತ್ತು. ಅಂಬೆಗಾಲಿಟ್ಟು ಓಡಿದೆವು... ಅಂಬೆಗಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು. ಮೇಲೆ ಹತ್ತಿ ಅಂಗಳಕ್ಕೆ ಬಂದರೆ ಛತ್ರಿ ಆಗಲೇ ಬಿಡಿಸಿಕೊಂಡು ಬರುತ್ತಿದ್ದ. ಕಪ್ಪು ಮನುಷ್ಯಾಕಾರ, ಕೈಯಲ್ಲಿ ರಾಡು. ಗೇಟಿನ ಕಡೆ ಹೋಗುವಂತಿರಲಿಲ್ಲ. ಎದುರಿಗಿದ್ದದ್ದು ಒಂದೇ ಬಾಗಿಲು.

ಗಿರಾಕಿಗಳಿಗೆ ತೋರಿಸಲು ಕಟ್ಟಿದ ಸ್ಯಾಂಪಲ್ ಫ್ಲಾಟ್.

ಒಳಗೆ ನುಗ್ಗಿದೆವು. ಕಪಾಟಿನಲ್ಲಿ ಅಡಗೋಣವೆಂದರೆ ಕಪಾಟು ಬರೀ ಬಾಗಿಲು, ಹಿಂದೆ ಗೋಡೆ. ಟೀವಿ ರಟ್ಟಿನದು. ಬುಟ್ಟಿಯ ಹಣ್ಣು ಮೇಣದ್ದು. ಮಂಚದ ಕೆಳಗೆ ತೂರಿದೆವು. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನು ಮುಕ್ಕಾಲು ಅಳತೆಗೆ ಮಾಡಿಸಿದ್ದರು. ನನ್ನ ಕಾಲು ಹೊರಗೆ ಉಳಿಯಿತು.

“ಇದರಲ್ಲಿ ಯಾರು ಮಲಗ್ತಾರೆ?” ತಾತ ಪಿಸುಗುಟ್ಟಿದ.

“ಲೋನ್ ತಗೊಂಡೋರು. ಸುಮ್ನಿರಿ.”

ಛತ್ರಿ ಹೊಸ್ತಿಲಲ್ಲಿ ಪ್ರತ್ಯಕ್ಷನಾದ. ಒಂದು ಹೆಜ್ಜೆ ಒಳಗಿಟ್ಟ. ಲೈಟು ಹಾಕಿದ.

ನಿಂತುಬಿಟ್ಟ.

ಹಾಲಿನಂಥ ಬಿಳಿ ಕಾರ್ಪೆಟ್ ಮೇಲೆ ಕಪ್ಪು ಹೆಜ್ಜೆಗಳು. ಅವನು ಆ ಹೆಜ್ಜೆಗಳನ್ನು ನೋಡಿದ. ತನ್ನ ಬೂಟು ನೋಡಿಕೊಂಡ. ಸ್ವಿಚ್ಚಿನ ಸುತ್ತ ತನ್ನದೇ ಕಪ್ಪು ಅಂಗೈ ನೋಡಿದ. ಬೆಳಗ್ಗೆ ಹನ್ನೊಂದಕ್ಕೆ ಫ್ಲಾಟ್ ನೋಡಲು ಜನ ಬರುವವರಿದ್ದರು. ಈ ಕಾರ್ಪೆಟ್ಟನ್ನು ಡೈರೆಕ್ಟರನ ಹೆಂಡತಿ ಖುದ್ದಾಗಿ ಆರಿಸಿದ್ದಳು.

“ಸತ್ತೆ,” ಎಂದ ಛತ್ರಿ.

ರಾಡು ಕೆಳಗಿಟ್ಟ. ಅಂಗಿ ಬಿಚ್ಚಿ, ಮಂಡಿಯೂರಿ, ಒರೆಸತೊಡಗಿದ. ಒರೆಸಿದಷ್ಟೂ ಹರಡಿತು. ಅವನು ಬಕೆಟ್ ಹುಡುಕಿಕೊಂಡು ಬಚ್ಚಲಿಗೆ ಹೋದ. ಅಲ್ಲಿ ನಲ್ಲಿ ಇತ್ತು, ನೀರಿನ ಪೈಪು ಇರಲಿಲ್ಲ. ಅವನು ಬೈಯುತ್ತಿದ್ದಾಗ ನಾವು ಬಾಲ್ಕನಿಯಿಂದ ಇಳಿದು ಬಂದೆವು.

ಮತ್ತೆ ಚಿಮಣಿಗೆ. ಈ ಸಲ ಉಸಿರು ಎಳೆದುಕೊಂಡು ನುಸುಳಿದೆ.

ಆರನೆಯದು ತಾತನದೇ ಹೆಸರು, ಅದನ್ನು ಕೆರೆದ. ಹತ್ತು ನಿಮಿಷ ಹಿಡಿಯಿತು. ಏಳನೆಯದಕ್ಕೆ ಉಳಿ ಇಟ್ಟ. ಕೈ ಮೇಲೇಳಲಿಲ್ಲ.

“ತೋಳು ಸೋತಿದೆ,” ಎಂದ.

ತೋಳು ಸೋತಿರಲಿಲ್ಲ. ನಾನು ಉಳಿ ಇಸಿದುಕೊಂಡೆ. ಅವನು ಟಾರ್ಚ್ ಹಿಡಿದ, ಮುಖ ಆ ಕಡೆ ಮಾಡಿಕೊಂಡು. ಸತ್ತವನ ಹೆಸರು ಗಟ್ಟಿಯಿತ್ತು. ಆಮೇಲೆ ಇಸವಿ. ಆಮೇಲೆ ಎರಡೂ ಕೈಯಿಂದ ಮಸಿ ಮೆತ್ತಿದೆವು. ಕೊನೆಗೆ ಫೋನ್ ತೆಗೆದು ತಾತನ ಕಣ್ಣೆದುರೇ ಫೋಟೋ ಅಳಿಸಿದೆ.

“ಒಂದು ಸಲ ತೋರ್ಸಬಹುದಿತ್ತು,” ಎಂದ ತಾತ. “ಅಳಿಸೋಕೆ ಮುಂಚೆ.”

ಹತ್ತು ಗಂಟೆಗೆ ಅಧಿಕಾರಿಗಳು ಬಂದರು. ಯಾರೂ ಬಗ್ಗಿ ಒಳಗೆ ಹೋಗಲಿಲ್ಲ, ಇಸ್ತ್ರಿ ಹಾಳಾಗುತ್ತದೆ. ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಒಳಗೆ ತೂರಿಸಿದರು. ಪರದೆಯ ಮೇಲೆ ಕಪ್ಪು.

“ನೂರೆಂಟು ವರ್ಷದ ಮಸಿ,” ಎಂದರು ಪ್ರೊಫೆಸರು, ಗದ್ಗದಿತರಾಗಿ.

ಡೈರೆಕ್ಟರ್ ನನ್ನತ್ತ ನೋಡಿದ. ‘ಬರೀ ಮಸಿ’ ಎಂದು ನಾನು ಬರೆದುಕೊಟ್ಟ ವರದಿ ಅವನ ಕೈಯಲ್ಲೇ ಇತ್ತು... ಸಂಶಯಕ್ಕೆ ಆಧಾರ ಸಿಗಲಿಲ್ಲ. ಅವನ ಹಿಂದೆ ಛತ್ರಿ ಛತ್ರಿ ಹಿಡಿದು ನಿಂತಿದ್ದ, ಕಿವಿಯ ಸಂದಿಯಲ್ಲಿ ಇನ್ನೂ ಕಪ್ಪು. ಒಳಗೆ ಯಾರೂ ಇರಲಿಲ್ಲ ಎಂದು ಅವನೇ ಹೇಳಿಬಿಟ್ಟಿದ್ದ. ಯಾರೋ ಇದ್ದರೆಂದರೆ ಎಲ್ಲಿಯವರೆಗೆ ಅಟ್ಟಿಸಿಕೊಂಡು ಹೋದೆ ಎಂದು ಹೇಳಬೇಕಾಗುತ್ತಿತ್ತು. ಸ್ಯಾಂಪಲ್ ಫ್ಲಾಟಿಗೆ ಅವತ್ತು ಬೀಗ. ‘ಪೈಂಟಿಂಗ್ ಕೆಲಸ’ ಎಂಬ ಬೋರ್ಡು.

“ಫ್ಲಾಟ್ ಬೇಡವಾಯ್ತಾ ನಿಮಗೆ?” ಎಂದ ಡೈರೆಕ್ಟರ್, ಹಲ್ಲು ಕಚ್ಚಿ.

“ಮಂಚ ಗಿಡ್ಡ ಸಾರ್.”

ಸಹಿ ಬಿತ್ತು. ಚಪ್ಪಾಳೆ. ಹದಿನೇಳು ಮನೆ ಮತ್ತು ಒಂದು ಅಡುಗೆಮನೆ ಉಳಿಯಿತು. ಲೈನಿನವರೆಲ್ಲ ಅಂಗಳದಲ್ಲಿದ್ದರು. ಅಕ್ಕ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದಳು.

ಪ್ರೊಫೆಸರು ಹಿತ್ತಾಳೆಯ ಫಲಕವೊಂದನ್ನು ತಂದಿದ್ದರು. ‘ಇದನ್ನು ಕಟ್ಟಿದ ಅಜ್ಞಾತ ಕುಶಲಕರ್ಮಿಗಳ ನೆನಪಿಗೆ.’ ಜಡಿಯುವವರು ಬೇಕಿತ್ತು. ಯಾರೋ ಮೇಸ್ತ್ರಿ ತಾತನನ್ನು ಮುಂದೆ ನೂಕಿದರು.

“ಹುಷಾರಪ್ಪಾ,” ಎಂದರು ಪ್ರೊಫೆಸರು. “ನೋಡಿ ಜಡಿ. ಇಂಥ ಗೋಡೆ ನಿಮ್ಮಂಥವರ ಕೈಲಿ ಆಗೋ ಕೆಲಸ ಅಲ್ಲ.”

“ಇಲ್ಲ ಸಾರ್,” ಎಂದ ತಾತ. “ಆ ಕೈಗಳು ಹೋಗ್ಬಿಟ್ವು.”

ನಾಲ್ಕು ತೂತು ಕೊರೆದ. ನಾಲ್ಕು ಸ್ಕ್ರೂ ಬಿಗಿದ. ಫಲಕ ನೆಟ್ಟಗಿದೆಯೇ ಎಂದು ರಸಮಟ್ಟ ಹಿಡಿದು ನೋಡಿದ. ಆಮೇಲೆ ಗೋಡೆಗೆ ಹಣೆ ಒತ್ತಿ ನಿಂತವನು ತಿರುಗಲೇ ಇಲ್ಲ.

ಅಕ್ಕ ನನ್ನ ಮೊಣಕೈ ತಿವಿದಳು. “ತಾತನಿಗೆ ಏನಾಯ್ತೇ? ಕಣ್ಣು ಒರೆಸ್ಕೊಳ್ತಿದಾನೆ.”

“ಪುಡಿ ಬಿದ್ದಿರ್ಬೇಕು.”

“ಏನು ಪುಡಿ?”

ಯಾರಿಗೂ ಹೇಳುವುದಿಲ್ಲವೆಂದು ನಾನು ಆಗಲೇ ತೀರ್ಮಾನಿಸಿದ್ದೆ. ಯಾರಿಗೂ ಎಂದರೆ ಅಕ್ಕನಿಗೂ.

“ಸುಣ್ಣದ್ದು,” ಎಂದೆ.