ರಕ್ತ ತೆಗೆದ ಹೊತ್ತು

ಕಾಫಿ ಬರುವ ಮೊದಲೇ ಅವನು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟ.

"ಮದುವೆ ಮಾತಿಗೆ ಮುಂಚೆ ಇದನ್ನ ಓದಿಬಿಡಿ. ನನಗೆ ಮಕ್ಕಳಾಗೋದು ಕಷ್ಟ."

ದೊಡ್ಡಮ್ಮ ತಂದ ಸಂಬಂಧ. ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವವನು. ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ, ಅದೇ ಅವಳಿಗೆ ಹಿಡಿಸಿಬಿಟ್ಟಿತು. ಎಂಟು ವರ್ಷದಿಂದ ಹಾರ್ಮೋನ್ ಲ್ಯಾಬಿನಲ್ಲಿ ಕೆಲಸ ಅವಳದು. ಇಂಥ ಕೊರತೆಯನ್ನು ಹೆಂಡತಿಯ ತಲೆಗೆ ಕಟ್ಟಿ ಜಾರಿಕೊಂಡ ಎಷ್ಟು ಗಂಡಂದಿರನ್ನು ನೋಡಿದ್ದಳೋ!

ಮೊದಲ ಹಾಳೆ ಓದಿದಳು. ವೀರ್ಯಾಣು ಹುಟ್ಟದಿದ್ದಾಗ ಏರುವ ಎಫ್‌ಎಸ್‌ಎಚ್ ಹಾರ್ಮೋನ್ ಇರಬೇಕಾದ್ದಕ್ಕಿಂತ ಮೂರು ಪಟ್ಟು. ಗಂಡಸಿನ ಹಾರ್ಮೋನ್ ಟೆಸ್ಟೋಸ್ಟಿರಾನ್ ಕಡಿಮೆ. ರಕ್ತ ತೆಗೆದ ಸಮಯ, ಸಂಜೆ ನಾಲ್ಕು.

ಸಂಜೆ ನಾಲ್ಕಾ?

ಟೆಸ್ಟೋಸ್ಟಿರಾನ್ ಅಳೆಯಬೇಕಾದ್ದು ಬೆಳಗ್ಗೆ, ಹೊತ್ತೇರಿದಂತೆ ಅದು ಇಳಿಯುತ್ತದೆ. ಅವಳ ಲ್ಯಾಬಿನಲ್ಲಂತೂ ಹತ್ತು ಗಂಟೆ ಮೀರಿ ಬಂದವರು ಬಾಗಿಲಿಂದಲೇ ವಾಪಸ್. ಅಂದರೆ ಇದು ಏನೂ ಗೊತ್ತಿಲ್ಲದವರು ಹೊಸೆದ ಕಾಗದ. ನಾನು ಬೇಡ ಅನ್ನೋದಕ್ಕೆ ಇಷ್ಟೆಲ್ಲ ನಾಟಕವೇ...

ಎರಡನೇ ಹಾಳೆಯನ್ನು ತಿರುವಲೂ ಇಲ್ಲ. ಇಷ್ಟವಿಲ್ಲ ಅಂದಿದ್ದರೆ ಸಾಕಿತ್ತು, ಸುಳ್ಳು ರಿಪೋರ್ಟ್ ತರಬೇಕಿರಲಿಲ್ಲ ಎಂದು ಎದ್ದುಬಂದಳು.

ಮೂರನೇ ದಿನ ಬೆಳಗ್ಗೆ ಎಂಟಕ್ಕೆ ಅವನು ಅವಳ ಲ್ಯಾಬಿನ ಕುರ್ಚಿಯಲ್ಲಿ ಶರ್ಟಿನ ತೋಳು ಮಡಚಿ ಕೂತಿದ್ದ. ಕಣ್ಣು ಕೆಂಪಾಗಿದ್ದವು. ಸುಳ್ಳುಗಾರ ಅನ್ನಿಸಿಕೊಂಡು ಅಭ್ಯಾಸವಿಲ್ಲ, ನಿಮ್ಮ ಕೈಯಾರೆ ರಕ್ತ ತೆಗೆದು ನೋಡಿ ಎಂದ. ಅವಳು ಬಿಗುಮಾನದಿಂದಲೇ ಸೂಜಿ ಎತ್ತಿಕೊಂಡು, ವಾಡಿಕೆಯಂತೆ, ರಾತ್ರಿ ಎಷ್ಟು ನಿದ್ದೆ ಮಾಡಿದಿರಿ ಎಂದು ಕೇಳಿದಳು.

"ಆರು ವರ್ಷದಿಂದ ರಾತ್ರಿ ಪಾಳಿ ನಂದು. ಏಳೋದೇ ಮಧ್ಯಾಹ್ನ ಮೂರಕ್ಕೆ. ಅದಕ್ಕೇ ಅಲ್ವಾ ಡಾಕ್ಟರು ನಾಲ್ಕಕ್ಕೆ ಬಾ ಅಂದಿದ್ದು?"

ಅಯ್ಯೋ, ಇವನಿಗೆ ಅದೇ ಬೆಳಗು! ಊರಿಗೆಲ್ಲ ಪಾಠ ಹೇಳುವ ನಾನೇ ಮುಗ್ಗರಿಸಿದೆನಲ್ಲ... ಅವಳ ಕಿವಿ ಬಿಸಿಯಾಯಿತು. ಸೂಜಿ ಕೆಳಗಿಟ್ಟು ಎರಡನೇ ಹಾಳೆ ಕೇಳಿ ಪಡೆದಳು. ಅದು ಜೀನ್ ಪರೀಕ್ಷೆ. ಅವನ ವೈ ಕ್ರೋಮೋಸೋಮಿನಲ್ಲಿ ವೀರ್ಯಾಣು ಹುಟ್ಟಲು ಬೇಕಾದ ಒಂದು ತುಣುಕು ಹುಟ್ಟಿನಿಂದಲೇ ಇರಲಿಲ್ಲ. ಅದು ಗಡಿಯಾರ ನೋಡಿ ಬದಲಾಗುವಂಥದ್ದಲ್ಲ, ಅದಕ್ಕೆ ಔಷಧವೂ ಇಲ್ಲ.

ತಪ್ಪು ತನ್ನದೇ ಎಂದು ಅವಳು ಒಪ್ಪಿಕೊಂಡಳು. ಅಷ್ಟು ಸಾಕು ಎಂದು ಅವನು ಏಳಹೊರಟ.

"ಎಲ್ಲಿಗೆ? ಮದುವೆ ಮಾತು ಇನ್ನೂ ಶುರುವೇ ಆಗಿಲ್ಲ."

"ಓದಿದ ಮೇಲೂನಾ?"

"ಓದಿದ್ದಕ್ಕೇ. ಸಾವಿರಾರು ಗಂಡಸರ ರಿಪೋರ್ಟ್ ನೋಡಿದೀನಿ. ತಾವಾಗೇ ತಂದು ಹೆಣ್ಣಿನ ಮುಂದೆ ಇಟ್ಟವರು ನೀವೊಬ್ಬರೇ. ನಿಮ್ಮ ಪಕ್ಕದಲ್ಲಿ ತಲೆಯೆತ್ತಿ ನಡೀಬಹುದು ನಾನು."

ಅವನ ದನಿ ಮೊದಲ ಸಲ ನಡುಗಿತು. "ಮುಂದೆ ಯಾವತ್ತಾದ್ರೂ... ಮಗು ಬೇಕು ಅನ್ನಿಸಿದ್ರೆ?"

"ಅವತ್ತು ಇಬ್ಬರೂ ಕೂತು ದಾರಿ ಹುಡುಕೋಣ. ಇವತ್ತು ನನಗೆ ನೀವು ಬೇಕು ಅನ್ನಿಸ್ತಿದೆ."