ಹಸು ದಾಟಿದ ಶನಿವಾರ

ಶನಿವಾರ ಸೂರ್ಯ ಮುಳುಗುವುದರೊಳಗೆ ಹಸು ಮನೆ ಮುಟ್ಟಬೇಕು. ಏವಿಸ್ ಪೆಂಡರ್ ಹೊರಟಿದ್ದು ಈ ಒಂದೇ ಕೆಲಸಕ್ಕೆ.

ಅವಳ ಎದೆಹಾಲು ಜ್ವರದಲ್ಲಿ ಬತ್ತಿಹೋಗಿತ್ತು. ಮೂರು ತಿಂಗಳ ಕೂಸು ಗಂಜಿಯಲ್ಲಿ ಅದ್ದಿದ ಬಟ್ಟೆ ಚೀಪಿ ಚೀಪಿ, ಈಗ ಅಳುವ ಶಕ್ತಿಯನ್ನೂ ಕಳೆದುಕೊಂಡಿತ್ತು. ಗಂಡ ಗೈಲ್ಸ್ ಮರ ಕಡಿಯುವಾಗ ಕಾಲು ಮುರಿದುಕೊಂಡು ಮಲಗಿದ್ದ. ಕಡಲು ದಾಟಿ ಬಂದು ಹೊಸ ನೆಲದಲ್ಲಿ ನೆಲೆಸಿದವರ ಹನ್ನೊಂದು ಮನೆಗಳ ಆ ಊರಿನಲ್ಲಿ ಕರೆಯುವ ಹಸು ಒಂದೂ ಇರಲಿಲ್ಲ. ಇಂಗ್ಲೆಂಡಿನಿಂದ ಹಡಗು ಹತ್ತಿದ ದನಗಳಲ್ಲಿ ಅರ್ಧ ಸಮುದ್ರದ ಪಾಲಾಗಿದ್ದವು. ಒಂದು ದಿನದ ದಾರಿಯಾಚೆ ಒಂದು ಹಸು ಇದೆಯೆಂದು ಕೇಳಿದ್ದೇ ತಡ, ಏವಿಸ್ ತವರಿನ ತಾಮ್ರದ ಹಂಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಜೊತೆಗೆ ಹದಿನಾಲ್ಕರ ಮಗಳು ಉರ್ಸುಲಾ, ಮೈದುನ ಎಫ್ರಾಯಿಮ್.

ಎಫ್ರಾಯಿಮ್ ಊರಿನಲ್ಲಿ ಸಬ್ಬತ್ತಿನ ಕಾವಲುಗಾರ. ಶನಿವಾರ ಹೊತ್ತು ಮುಳುಗಿದರೆ ಸಬ್ಬತ್ ಶುರು; ಅದು ದೇವರ ದಿನ, ಭಾನುವಾರ ಹೊತ್ತು ಮುಳುಗುವವರೆಗೆ ಯಾವ ಕೆಲಸವೂ ಕೂಡದು. ಆಮೇಲೆ ಯಾರು ನಡೆದರು, ಯಾರು ಕೊಡಲಿ ಎತ್ತಿದರು ಎಂದು ನೋಡಿ ಪಾದ್ರಿಗೆ ಹೇಳುವುದು ಅವನ ಕೆಲಸ. ಹೋದ ವರ್ಷ ಸಬ್ಬತ್ತಿನಲ್ಲಿ ಸೌದೆ ಹೊತ್ತವನೊಬ್ಬನನ್ನು ಊರೆದುರು ಕಾಲಿಗೆ ಮರದ ಕೋಳ ಹಾಕಿ ಕೂರಿಸಿದ್ದರು.

ಹಂಡೆ ಕೊಟ್ಟು ಹಸು ಹಿಡಿದು ಶನಿವಾರ ಬೆಳಕು ಹರಿಯುವ ಮೊದಲೇ ಮೂವರೂ ವಾಪಸು ಹೊರಟರು. ಚೆರ್ರಿ ಎಂಬ ಆ ಕೆಂಪು ಹಸು ನಡುದಾರಿಯಲ್ಲಿ ಒಂದು ಹಳ್ಳದ ಮುಂದೆ ಬೇರು ಬಿಟ್ಟು ನಿಂತಿತು.

"ಬಾರೇ ತಾಯಿ," ಎಂದಳು ಏವಿಸ್. ಬರಲಿಲ್ಲ. "ಬಾರೇ ಮುಂಡೇದೆ," ಎಂದಳು. ಆಗಲೂ ಬರಲಿಲ್ಲ.

"ಅತ್ತಿಗೆ, ನಾಲಿಗೆ ಬಿಗಿ ಹಿಡಿ," ಎಂದ ಎಫ್ರಾಯಿಮ್.

"ನೀನು ಹಗ್ಗ ಬಿಗಿ ಹಿಡಿ. ನಾಲಿಗೆ ನಾನು ನೋಡ್ಕೋತೀನಿ."

ಆ ಒಂದು ಹಳ್ಳ ಅರ್ಧ ಹಗಲನ್ನು ನುಂಗಿತು.

ಕಾಡು ಮುಗಿದಲ್ಲಿ, ಕಡಲ ಉಬ್ಬರ ಬಂದುಹೋಗುವ ಉಪ್ಪು ಜೌಗು ತೆರೆದುಕೊಂಡಿತು. ಕಣ್ಣು ಹಾಯುವವರೆಗೂ ಹಳದಿಗಟ್ಟಿದ ಹುಲ್ಲು, ನಡುನಡುವೆ ಹಾವಿನಂತೆ ಹೊರಳುವ ಕಪ್ಪು ತೊರೆಗಳು. ಮೂರು ದಿನದಿಂದ ತೆಂಕಣ ಗಾಳಿ ಬಿಟ್ಟೂಬಿಡದೆ ಸಮುದ್ರವನ್ನು ದಡಕ್ಕೆ ತಳ್ಳುತ್ತಿತ್ತು. ಎರಡು ತೊರೆ ದಾಟಿದರೆ ಊರು. ನಡುವೆ ಪೊದೆ ಬೆಳೆದ ಒಂದು ತಗ್ಗು ದಿಬ್ಬ. ದೂರದಲ್ಲಿ ಮನೆಗಳ ಹೊಗೆ ಕಾಣುತ್ತಿತ್ತು.

ಅಂಚಿನಲ್ಲಿ ಆ ನೆಲದ ಮೂಲನಿವಾಸಿ ಮುದುಕಿಯೊಬ್ಬಳು ಕೆಸರಿನಿಂದ ಚಿಪ್ಪು ಅಗೆಯುತ್ತಿದ್ದಳು. ಇವರ ಭಾಷೆಯಲ್ಲಿ ಕಲಿತ ನಾಲ್ಕು ಮಾತಿನಲ್ಲೇ ಹೇಳಿದಳು: "ಇವತ್ತು ಚಂದ್ರ ಇಲ್ಲ. ನೀರು ದೊಡ್ಡದು." ಕೈಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದು ತೋರಿಸಿ, ಮೇಲಿನ ತನ್ನ ಗುಡಿಸಲಿನ ಕಡೆ ಬೆರಳು ಮಾಡಿದಳು. "ಅಲ್ಲಿರಿ."

"ಹೊತ್ತಿದೆ, ನಡೀರಿ," ಎಂದ ಎಫ್ರಾಯಿಮ್. ಕೂಸಿನ ಮುಖ ನೆನೆದ ಏವಿಸ್ ಕೂಡ ನಿಲ್ಲಲಿಲ್ಲ.

ಮೊದಲ ತೊರೆ ಮೊಣಕಾಲುದ್ದ. ದಾಟಿ ದಿಬ್ಬ ಹತ್ತುವಾಗ ಸೂರ್ಯನ ಕೊನೆಯ ಚೂರು ಮರೆಯಾಯಿತು. ಎಫ್ರಾಯಿಮ್ ನಿಂತಲ್ಲೇ ಕೋಲು ಕೆಳಗಿಟ್ಟು ಕುಳಿತ.

"ಸಬ್ಬತ್ ಬಂತು. ಇನ್ನು ನಾಳೆ ಹೊತ್ತು ಮುಳುಗೋವರೆಗೂ ಇಲ್ಲೇ."

"ಊರು ಕಣ್ಣೆದುರಿಗಿದೆಯಪ್ಪಾ."

"ದೇವರೂ ಕಣ್ಣೆದುರಿಗಿದ್ದಾನೆ."

ಏವಿಸ್ ಹಲ್ಲು ಕಚ್ಚಿ ಕುಳಿತಳು. ಕಾಲಿಗೆ ಕೋಳ ಬಿದ್ದ ಆ ಮನುಷ್ಯನನ್ನು ಅವಳು ಮರೆತಿರಲಿಲ್ಲ. ಕರೆಯದ ಹಸು ಕೆಚ್ಚಲು ಬಿಗಿದು ಕೂಗುತ್ತಿತ್ತು.

"ಅಮ್ಮಾ, ಇಲ್ಲಿ ನೋಡು," ಎಂದಳು ಉರ್ಸುಲಾ. ಪೊದೆಯ ಕೊಂಬೆಗಳಲ್ಲಿ ಒಣಗಿದ ಕಡಲಪಾಚಿ ಜೋತಾಡುತ್ತಿತ್ತು. ಹಿಂದೊಮ್ಮೆ ನೀರು ತಂದು ತೂಗುಹಾಕಿದ್ದು. ಏವಿಸ್ ಪಕ್ಕದಲ್ಲಿ ನಿಂತಳು. ಪಾಚಿ ಅವಳ ಎದೆಗೆ ಸರಿಯಾಗಿತ್ತು.

ತಿರುಗಿ ನೋಡಿದರೆ, ದಾಟಿ ಬಂದ ತೊರೆ ಈಗ ತೊರೆಯಾಗಿ ಉಳಿದಿರಲಿಲ್ಲ.

"ಎದ್ದೇಳು ಎಫ್ರಾಯಿಮ್. ಹಳ್ಳಕ್ಕೆ ಬಿದ್ದ ಎತ್ತನ್ನ ಸಬ್ಬತ್ತಿನಲ್ಲೂ ಎತ್ತಬಹುದು ಅಂತ ಪಾದ್ರಿಗಳೇ ಹೇಳಿಲ್ವಾ?"

"ಬಿದ್ದ ಮೇಲೆ ಎತ್ತಬಹುದು. ಇದಿನ್ನೂ ಬಿದ್ದಿಲ್ಲ."

"ನಿನ್ನ ನ್ಯಾಯಕ್ಕೆ ಬೆಂಕಿ ಬೀಳ." ಏವಿಸ್ ಹಗ್ಗ ಬಿಚ್ಚಿದಳು. ಒಂದು ತುದಿ ಹಸುವಿನ ಕೊರಳಿಗೆ, ಇನ್ನೊಂದು ಮಗಳ ಸೊಂಟಕ್ಕೆ. "ನಾನು ಹೊರಟೆ. ಬೇಕಾದ್ರೆ ಬರ್ಕೊಂಡು ಹೋಗಿ ಹೇಳು."

ನೀರು ದಿಬ್ಬ ಹತ್ತಿತು. ಮೊದಲು ಹುಲ್ಲು ಮುಳುಗಿತು, ಆಮೇಲೆ ಎಫ್ರಾಯಿಮನ ಕೋಲು ತೇಲಿತು. ಅವನು ಎದ್ದು ನಿಂತ. ಅವನಿಗೆ ಈಜು ಬಾರದು.

"ಬಾಲ ಹಿಡ್ಕೋ," ಎಂದಳು ಏವಿಸ್.

"ಇವತ್ತು ಸಬ್ಬತ್ತು, ಅತ್ತಿಗೆ."

"ಬಾಲಕ್ಕೆ ಅದು ಗೊತ್ತಿಲ್ಲ. ಹಿಡ್ಕೋ."

ಒಂದು ಅಲೆ ಅವನ ಟೋಪಿ ಕಿತ್ತುಕೊಂಡು ಹೋಯಿತು. ಅವನು ಬಾಲ ಹಿಡಿದ.

ಹಸು ಎರಡನೆಯ ತೊರೆಗೆ ಇಳಿಯಿತು. ಎರಡೇ ಹೆಜ್ಜೆಗೆ ನೆಲ ತಪ್ಪಿತು. ಈಜಿತು.

ಚಳಿ ಏವಿಸಳ ಉಸಿರನ್ನೇ ಹಿಂಡಿತು. ಹಳೆಯ ಉಣ್ಣೆ ಲಂಗ ಕಲ್ಲಿನಂತೆ ಕೆಳಗೆಳೆಯಿತು. ನಡುವಿನ ಸೆಳೆತ ಹಸುವಿನ ಮೂತಿಯನ್ನು ಒಳನಾಡಿನ ಜೌಗಿನ ಕಡೆ ತಿರುಗಿಸಿತು. ಅತ್ತ ಹೋದರೆ ಕೊನೆಯಿಲ್ಲದ ಕೆಸರು.

ಏವಿಸ್ ಕೊಂಬಿಗೆ ಜೋತುಬಿದ್ದಳು. ಮೂತಿಯನ್ನು ಹೊಗೆಯ ಕಡೆ ತಿರುವಿದಳು. ಹಸು ಅವಳನ್ನು ಮುಳುಗಿಸಿತು. ಎದ್ದು ಉಪ್ಪು ಉಗುಳಿ ಮತ್ತೆ ತಿರುವಿದಳು.

"ಕಾಲು ಸಿಕ್ತು," ಎಂದಳು ಉರ್ಸುಲಾ.

ದಡ ಸಿಕ್ಕಿತು, ಆದರೆ ಹಸು ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತುಕೊಂಡಿತು. ನೀರು ಬೆನ್ನ ಹಿಂದೆಯೇ ಏರುತ್ತಿತ್ತು. ತಾಯಿ ಮಗಳು ಮುಂದಿನಿಂದ ಎಳೆದರು. ಚೆರ್ರಿ ಕಣ್ಣು ಮೇಲೆ ಮಾಡಿ ಕತ್ತು ಚಾಚಿ ಸೋತುಬಿಟ್ಟಿತು.

ಆಗ ಹಿಂದಿನಿಂದ ಒಂದು ಹೂಂಕಾರ ಕೇಳಿತು. ಸಬ್ಬತ್ತಿನ ಕಾವಲುಗಾರ ಹಸುವಿನ ಹಿಂಭಾಗಕ್ಕೆ ಹೆಗಲು ಕೊಟ್ಟು, ಕತ್ತಿನ ನರ ಉಬ್ಬಿಸಿ ತಳ್ಳುತ್ತಿದ್ದ. ಮೂರನೆಯ ಸಲ ತಳ್ಳಿದಾಗ ಕೆಸರು ಬಾಯಿಬಿಟ್ಟಿತು. ಹಸು ಗಟ್ಟಿ ನೆಲಕ್ಕೆ ಜಿಗಿದು, ಅವನ ಮುಖದ ಮೇಲೆಯೇ ಸಗಣಿ ಹಾಕಿತು.

ಮನೆ ಮುಟ್ಟಿದಾಗ ಏವಿಸ್ ಒದ್ದೆ ಬಟ್ಟೆಯಲ್ಲೇ ಕರೆಯಲು ಕುಳಿತಳು. ಬೆಚ್ಚಗಿನ ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಗೈಲ್ಸ್ ಕೂಸಿನ ಬಾಯಿಗಿಟ್ಟ. ಅದು ಒಮ್ಮೆ ಚೀಪಿ ನಿಲ್ಲಿಸಿತು. ಏವಿಸ್ ಬಟ್ಟೆಯನ್ನು ಮತ್ತೆ ಹಾಲಿನಲ್ಲಿ ಅದ್ದಿ ಕೊಟ್ಟಳು. ಮತ್ತೆ ಚೀಪಿತು; ಬಟ್ಟೆ ಬಿಡಿಸಿಕೊಂಡರೆ ಅತ್ತಿತು. ಎಷ್ಟೋ ದಿನದ ಮೇಲೆ ಕೇಳಿದ ಅಳು.

ಮರುದಿನ ಪ್ರಾರ್ಥನಾ ಮಂದಿರದಲ್ಲಿ ಪಾದ್ರಿ ಕೇಳಿದರು: "ನಿನ್ನೆ ಸೂರ್ಯ ಮುಳುಗಿದ ಮೇಲೆ ಹಸು ಹೊಡೆದುಕೊಂಡು ಬಂದವರು ಯಾರು?"

ಏವಿಸ್ ಎದ್ದಳು. "ನಾನು ಅಯ್ಯಾ. ಹಗ್ಗ ಹಿಡಿದವಳು ನಾನೇ."

ಎಲ್ಲರೂ ಎಫ್ರಾಯಿಮನ ಕಡೆ ನೋಡಿದರು. ವರದಿ ಒಪ್ಪಿಸಬೇಕಾದವನು ಅವನು. ಅವನು ನಿಧಾನವಾಗಿ ಎದ್ದ, ತಲೆಯ ಮೇಲೆ ಟೋಪಿ ಇರಲಿಲ್ಲ.

"ಬಾಲ ಹಿಡಿದವನು ನಾನು," ಎಂದ. "ತಳ್ಳಿದವನೂ ನಾನೇ."

ನಾಲ್ಕು ಸಬ್ಬತ್ ಬಾಗಿಲ ಬಳಿಯ ತಪ್ಪಿತಸ್ಥರ ಬೆಂಚಿನಲ್ಲಿ ಕೂರಬೇಕೆಂದು ಇಬ್ಬರಿಗೂ ಶಿಕ್ಷೆಯಾಯಿತು. ಗಾಳಿ ಕೊರೆಯುವ ಜಾಗ ಅದು. ಏವಿಸ್ ಹೆಂಗಸರ ಬದಿಯಲ್ಲಿ ಕುಳಿತಳು, ಎಫ್ರಾಯಿಮ್ ಗಂಡಸರ ಬದಿಯಲ್ಲಿ. ಅವಳ ಮಡಿಲಲ್ಲಿ ಕೂಸು ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು.

ಆ ಬೆಂಚಿಗೆ ಒಂದು ಗುಣವಿತ್ತು. ಅಲ್ಲಿ ಕುಳಿತರೆ, ಬಾಗಿಲಿನಾಚೆ ಬೇಲಿಯ ಬಳಿ ಮೇಯುತ್ತಿದ್ದ ಕೆಂಪು ಹಸು ಕಾಣುತ್ತಿತ್ತು. ಇಬ್ಬರೂ ಅತ್ತಲೇ ನೋಡುತ್ತಿದ್ದರು.