ಬಾಟ್ಲಿ ಡಾಕ್ಟರನ ಲಾಸು

ನನ್ನ ಕಾಲರ್ ಅವನ ಮುಷ್ಟಿಯಲ್ಲಿತ್ತು. ಬೆನ್ನ ಹಿಂದೆ ಕಾಲುವೆ... ದಂಡೆ ಮುಟ್ಟಿ ಹರಿಯುತ್ತಿತ್ತು!

"ಈಜು ಬರ್ತದೇನಲೇ?"

"ಇಲ್ರಿ."

"ಚೊಲೊ ಆತು!"

ಇವನೇ ಮಲ್ಕಪ್ಪ. ಶಹಾಪುರ ಕಡೆಯ ಹಳ್ಳಿಯೊಂದರ ಡಿಗ್ರಿ ಇಲ್ಲದ ಡಾಕ್ಟರ್. ವಾಂತಿ, ಭೇದಿ, ಸುಸ್ತು... ಏನೇ ಇರಲಿ, ಸಲೈನ್ ಬಾಟ್ಲಿ ಏರಿಸುತ್ತಿದ್ದ. ನಾಟಿಗೆ ಹೊರಟ ಹೆಂಗಸರಿಗೂ ಶಕ್ತಿಗೆಂದು ಒಂದು ಬಾಟ್ಲಿ!

ನಾನು ಯಾದಗಿರಿಯ ಬಾಡಿಗೆ ಪತ್ತೇದಾರ. ಕಳ್ಳರು, ಓಡಿಹೋದ ಗಂಡಂದಿರು ನನ್ನ ಲೈನು. ಈ ಸಲ ಶಹಾಪುರದ ಸಂಸ್ಥೆಯೊಂದರ ಸಾಹೇಬರು ವಿಚಿತ್ರ ಕೇಸು ಕೊಟ್ಟಿದ್ದರು. ಅವರ ಕೆಲಸಗಾರ್ತಿ ಕರೆಮ್ಮ ಮನೆ ಮನೆ ತಿರುಗಿ, ಜನರಿಗೆ ಕಾಲುವೆ ನೀರು ಕಾಸಿ ಕುಡಿಯುವ ರೂಢಿ ಹಚ್ಚಿದ್ದಳು. ಅದರಿಂದ ಎಷ್ಟು ರೂಪಾಯಿ ಫಾಯಿದೆ? ಸಂಜೆಯೊಳಗೆ ನಾನು ಲೆಕ್ಕ ತೋರಿಸದಿದ್ದರೆ ಈ ಪ್ರೋಗ್ರಾಂ ಬಂದ್. ಕರೆಮ್ಮನ ಕೆಲಸ ಖಲಾಸ್!

ಊರವರನ್ನು ಕೇಳಿದ್ದೆ. "ಬರಲಾರದ ಬ್ಯಾನಿಗೆ ಖರ್ಚು ಏನಂತ ಹೇಳೋದ್ರಿ?" ಎಂದು ನಕ್ಕಿದ್ದರು. ನಾನು ಕೇಳುತ್ತಿದ್ದ ಸುದ್ದಿ ಮಲ್ಕಪ್ಪನ ಕಿವಿಗೂ ಬಿದ್ದಿತ್ತು.

"ಪ್ರೋಗ್ರಾಂ ದಂಡ ಅಂತ ಹೇಳು! ಇಲ್ಲಂದ್ರ ನೂಕ್ತೀನಿ!" ಮಲ್ಕಪ್ಪ ಗುಡುಗಿದ.

"ನಿಮಗೇನ್ರಿ ಲುಕ್ಸಾನ?"

"ಪೇಶಂಟ್ ಇಲ್ದ ನಾಕೂ ಕಾಟು ಖಾಲಿ ಬಿದ್ದಾವು! ಸಲೈನ್ ಸ್ಟ್ಯಾಂಡಿಗೆ ನನ್ನ ಹೇಣ್ತಿ ಸೀರಿ ಒಣಹಾಕ್ತಾಳ! ತಿಂಗಳಿಗೆ ಎಂಬತ್ತು ಸಾವಿರ ಹೋತಲೇ!"

ಥಟ್ಟನೆ ಹೊಳೆಯಿತು. ಇವನ ಗಲ್ಲಾಕ್ಕೆ ಬಾರದ ಹಣ ಊರವರ ಜೇಬಿನಲ್ಲೇ ಉಳಿದಿದೆ!

"ಡಾಕ್ಟ್ರೆ... ಕಾಲುವಿಗೆ ಹೊಲ ಹೋದವ್ರಿಗೆ ಪರಿಹಾರ ಸಿಕ್ಕ್ಯಾದಲ್ರಿ. ನಿಮಗ್ಯಾಕ ಇಲ್ಲ?"

ಮುಷ್ಟಿ ಸಡಿಲಾಯಿತು.

"ಹೌದಲ್ಲಲೇ!"

"ನಡೀರಿ ಸಾಹೇಬ್ರ ಹಂತ್ಯಾಕ!"

ಅವನದೇ ಬೈಕು. ದಂಡೆಯ ಮೇಲೆ ಟ್ರ್ಯಾಕ್ಟರ್, ಎಮ್ಮೆ, ಮತ್ತೆ ಎಮ್ಮೆ... ಕಣ್ಣು ಮುಚ್ಚಿ ಅವನ ಸೊಂಟ ಹಿಡಿದೆ!

ಮಲ್ಕಪ್ಪ ಸಾಹೇಬರ ಟೇಬಲ್ ಗುದ್ದಿದ. "ನಿಮ್ಮ ಕರೆಮ್ಮ ಮಂದಿಗೆ ನೀರು ಕಾಸೋದು ಕಲಿಸ್ಯಾಳ, ನನ್ನ ದುಕಾನ ಮುಳುಗ್ಯಾದ! ತಿಂಗಳಿಗೆ ಎಂಬತ್ತು ಸಾವಿರ! ಪರಿಹಾರ ಕೊಡ್ರಿ!"

ಸಾಹೇಬರ ಮುಖ ಅರಳಿತು. ಫಾಯಿದೆ ತಾನಾಗಿ ಬಂದು ಟೇಬಲ್ ಗುದ್ದುತ್ತಿತ್ತು! ಕರೆಮ್ಮನ ಕೆಲಸ ಉಳಿಯಿತು.

ತೀರ್ಮಾನಕ್ಕಾಗಿ ಅಲ್ಲೇ ಕಾಯುತ್ತಿದ್ದ ಅವಳು ಸೆರಗು ಸರಿಮಾಡಿಕೊಂಡಳು. "ಹೊಲದ ಪರಿಹಾರಕ್ಕ ಪಹಣಿ ಕೇಳ್ತಾರ. ನಿಮಗ ಡಿಗ್ರಿ ಕೇಳ್ತಾರ. ತಂದೀರೇನ್ರಿ ಡಾಕ್ಟ್ರೆ?"

ಮಲ್ಕಪ್ಪ ಮೆಲ್ಲಗೆ ಬಾಗಿಲ ಕಡೆ ಸರಿದ. ಸಾಹೇಬರು ಹಾರಿ ಅವನ ಕೈ ಹಿಡಿದರು.

"ಎಲ್ಲಿ ಹೊಂಟ್ರಿ! ಸುರಪುರ ಕಡಿ ಪ್ರೋಗ್ರಾಂ ಶುರು ಮಾಡಾಕತ್ತೀವಿ. ಅಲ್ಲಿ ಫಾಯಿದೆ ಅಳೀಲಿಕ್ಕ ನೀವೇ ಬೇಕು!"

ಈಗ ಮಲ್ಕಪ್ಪ ಸಂಸ್ಥೆಯ ನೌಕರ. ಮೊದಲು ಇವನು ಹೋಗಿ ದುಕಾನ ತೆರೆಯುತ್ತಾನೆ, ಹಿಂದೆಯೇ ನೀರು ಕಾಸುವುದು ಕಲಿಸಲು ಕರೆಮ್ಮ ಬರುತ್ತಾಳೆ.

ಎಷ್ಟು ಬೇಗ ದಿವಾಳಿಯೋ... ಅಷ್ಟು ದೊಡ್ಡ ಬೋನಸ್!